ಬೆಳವಗಳ ಜರಿಯೆಳೆ

ಹಿಂದೆ ಬೆಳವ ಹಕ್ಕಿಗಳಲ್ಲಿ ಒಂದು ಪದ್ಧತಿಯಿತ್ತು. ಹೊಂಗೆ ಚಿಗುರಿದ ದಿನ ಗಂಡು ಒಂದು ಹುಲ್ಲುಕಡ್ಡಿ ತರುತ್ತಿತ್ತು, ಹೆಣ್ಣು ಅದನ್ನು ಕೊಕ್ಕಿನಲ್ಲಿ ಹಿಡಿದರೆ ಜೋಡಿಯಾದಂತೆ. ಒಂದು ವರ್ಷ ಕಾಗೆಯೊಂದು ಪೇಟೆಯಿಂದ ಜರಿಯೆಳೆ ತಂದು ನಾಲ್ಕು ಕಾಳಿಗೆ ಮಾರಿತು. ಕೊಂಡ ಗಂಡು ಹುಲ್ಲುಕಡ್ಡಿಯ ಬದಲು ಅದನ್ನೇ ಒಯ್ದಿತು, ಉಳಿದವೂ ಹಾಗೆಯೇ ಮಾಡಿದವು. ತಲೆಮಾರುಗಳು ಉರುಳಿದವು. ಕಾಗೆಯ ಮಕ್ಕಳು ಮೊಮ್ಮಕ್ಕಳು ಬೆಲೆ ಏರಿಸುತ್ತಲೇ ಹೋದರು. ಹುಲ್ಲುಕಡ್ಡಿ ತಂದವನನ್ನು ಕಂಡು ಮರವೆಲ್ಲ ನಗುವ ಕಾಲ ಬಂತು.

ಆ ಕಾಲದಲ್ಲಿ ಹುಟ್ಟಿದ ಬೆಳವನೊಬ್ಬ ತಾನು ಮೆಚ್ಚಿದವಳಿಗೆ ಹುಲ್ಲುಕಡ್ಡಿಯನ್ನೇ ಒಯ್ದ.

"ನನಗೆ ಇದೇ ಸಾಕು," ಎಂದು ಅವಳು ತಲೆ ತಗ್ಗಿಸಿದಳು. "ಆದರೆ ಇವರ ನಡುವೆ ಬಾಳಬೇಕಲ್ಲ?"

ಅವನು ಆ ವಂಶದ ಕಾಗೆಯ ಬಳಿ ಹೋದ.

"ಈ ವರ್ಷದ ಬೆಲೆಯೇನು, ಕಾಗಣ್ಣ?"

"ಎರಡು ಮೊಟ್ಟೆ."

"ನಾವು ಇಡುವುದೇ ಎರಡು!"

"ಪ್ರೀತಿ ದೊಡ್ಡದೋ, ಮೊಟ್ಟೆ ದೊಡ್ಡದೋ?" ಎಂದ ಕಾಗೆ.

ಬೆಳವ ಒಪ್ಪಿ ಎಳೆ ತಂದ. ಮರವೆಲ್ಲ ಹೊಗಳಿತು.

ಮೊಟ್ಟೆಯಿಟ್ಟ ಮರುದಿನವೇ ಕಾಗೆ ಬಂದು ಎರಡನ್ನೂ ಒಯ್ದ. ಹೆಣ್ಣಿಗೆ ಬೆಲೆ ತಿಳಿದದ್ದು ಆಗಲೇ. ಅವಳು ಬರಿಗೂಡಿನ ಮೇಲೆಯೇ ಕಾವು ಕೂತಳು. ಪಕ್ಕದ ಗೂಡಿನಲ್ಲೂ, ಅದರಾಚೆಯ ಗೂಡಿನಲ್ಲೂ ಹೆಣ್ಣುಗಳು ಹಾಗೆಯೇ ಕೂತಿದ್ದವು. ಮರದ ತುಂಬ ಗೂಡುಗಳು ಮಿರಿಮಿರಿ ಮಿಂಚುತ್ತಿದ್ದವು. ಒಂದು ಮರಿಯ ದನಿಯೂ ಇರಲಿಲ್ಲ.