ಪೂರ್ತಿ ಬಿಡದ ಸಿಲಿಂಡರ್

ಮೆಕ್ಯಾನಿಕ್ ಗಫಾರ್ ಹಳೆಯ ಕಾರಿನ ಡ್ರಮ್ ಬ್ರೇಕುಗಳನ್ನು ಬಿಚ್ಚಿ ಡಿಸ್ಕ್ ಬ್ರೇಕು ಕೂರಿಸಿದ. ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಮಾತ್ರ ಹಳೆಯದನ್ನೇ ಉಳಿಸಿದ. ಎರಡು ಮೈಲಿ ಓಡುವಷ್ಟರಲ್ಲಿ ಡಿಸ್ಕು ಕಾದು ಹೊಗೆಯಾಡಿತು.

"ಅಜ್ಜಾ, ಪೆಡಲಿನಿಂದ ಕಾಲು ತೆಗೆದಾಯಿತು. ಇನ್ನೂ ಯಾಕೆ ಒತ್ತಿ ಹಿಡಿದಿದ್ದೀರಿ? ನಾನು ಸುಡುತ್ತಿದ್ದೇನೆ," ಎಂದಿತು ಡಿಸ್ಕು, ಹಳೆಯ ಸಿಲಿಂಡರಿಗೆ.

"ಡ್ರಮ್ಮುಗಳನ್ನು ಹೀಗೆಯೇ ಸ್ವಲ್ಪ ಹಿಡಿದಿರಬೇಕಿತ್ತು, ಮಗೂ. ಪೂರ್ತಿ ಬಿಟ್ಟರೆ ಮುಂದಿನ ಸಲ ಕರೆದಾಗ ತಡ ಮಾಡುತ್ತಿದ್ದವು. ನಲವತ್ತು ವರ್ಷ ಹಿಡಿದಿದ್ದೆ."

"ಅವು ಈಗ ಇಲ್ಲವಲ್ಲ."

"ನನಗೆ ಗೊತ್ತು. ನನ್ನ ಹಿಡಿತಕ್ಕೆ ಗೊತ್ತಿಲ್ಲ."

ಗಫಾರನಿಗೆ ತನ್ನ ತಪ್ಪು ತಿಳಿಯಿತು. ಡಿಸ್ಕಿಗೆ ಹೊಂದುವ ಸಿಲಿಂಡರ್ ತಂದ. ಹಳೆಯದರ ಕೊಳವೆ ಸಡಿಲಿಸಿದಾಗ ಹಿಡಿದಿಟ್ಟಿದ್ದ ಎಣ್ಣೆ ಚಿಮ್ಮಿತು. ಆ ಸಿಲಿಂಡರನ್ನು ಮೂಲೆಯಲ್ಲಿದ್ದ ಹಳೆಯ ಡ್ರಮ್ಮುಗಳ ಪಕ್ಕ ಇಟ್ಟ.

"ಈ ಸಲ ತಡ ಮಾಡಿದ್ದು ನೀನು," ಎಂದವು ಡ್ರಮ್ಮುಗಳು.