ಅಂಟುವಾಳದ ಸಾರು ಮತ್ತು ಪ್ರೈವೇಟ್ ಕ್ಲೌಡು

ಹತ್ತಿರ ಬನ್ನಿ ಮಕ್ಕಳೇ. ಹಿಂದೆ ಕೂತೋರಿಗೆ ಕಾಣಲ್ಲ ಅಂತ ಜಗಳ ಬೇಡ, ಇದು ಕೇಳೋ ಕಥೆ. ಕಂಪ್ಯೂಟರು ಬಂದಿತ್ತು, ದೊರೆಗಳೂ ಇನ್ನೂ ಹೋಗಿರಲಿಲ್ಲ, ಅಂಥದ್ದೊಂದು ರಾಜ್ಯ. ಅಲ್ಲಿ ಚೆನ್ನಾಜಮ್ಮ ಅನ್ನೋಳು ಸಾರಿನ ಪುಡಿ ವ್ಯಾಪಾರ ಮಾಡ್ತಿದ್ದಳು. ಪುಡಿಯ ಗುಟ್ಟು ಅವಳ ಅತ್ತೆ ಹೇಳಿಕೊಟ್ಟದ್ದು. ಗಂಡನಿಗೂ ಹೇಳಿರಲಿಲ್ಲ. ಪಾಪ, ಅವನೂ ಕೇಳಿರಲಿಲ್ಲ, ಉಣ್ಣುತ್ತಿದ್ದ.

ಆ ಗುಟ್ಟು, ಊರೂರಿನ ಆರ್ಡರು, ಎಲ್ಲಾ ಇದ್ದದ್ದು ಪಬ್ಲಿಕ್ ಕ್ಲೌಡಲ್ಲಿ. ಕ್ಲೌಡು ಅಂದ ತಕ್ಷಣ ಆಕಾಶ ನೋಡಬೇಡಿ. ಎಲ್ಲೋ ಇರೋ ದೊಡ್ಡ ಯಂತ್ರದಲ್ಲಿ ನಮ್ಮ ಬರಹ ಇಡೋದು, ಅಷ್ಟೆ. ಪಬ್ಲಿಕ್ ಕ್ಲೌಡು ಊರ ಛತ್ರ ಇದ್ದ ಹಾಗೆ. ಯುಗಾದಿಗೆ ಆರ್ಡರು ನುಗ್ಗಿದರೆ ಹತ್ತು ಕೋಣೆ ಹಿಡಿ, ಹಬ್ಬ ಮುಗಿದರೆ ಒಂಬತ್ತು ಬಿಡು.

ದೊರೆಯ ಭಾವಮೈದ ತಿಪ್ಪರಾಜನಿಗೆ ಆ ಪುಡಿಯ ಮೇಲೆ ಕಣ್ಣು. ಮೊದಲ ದಿನ ಬಂದ. "ಚೆನ್ನಾಜಮ್ನೋರೇ, ಛತ್ರದಲ್ಲಿ ಯಾರಾದ್ರೂ ಒಡವೆ ಇಡ್ತಾರಾ?" ಅಂದು ಹೋದ. ಎರಡನೇ ದಿನ ಬಂದ. "ಪಕ್ಕದ ಕೋಣೇಲಿ ಎಂಥೋರಿದಾರೋ ಯಾರಿಗ್ಗೊತ್ತು!" ಅಂದು ಹೋದ. ಮೂರನೇ ದಿನ ಬಂದು ಕೂತೇಬಿಟ್ಟ.

"ನಿಮ್ಮೊಬ್ರಿಗೇ ಅಂತ ಪ್ರೈವೇಟ್ ಕ್ಲೌಡು ಮಾಡಿಸ್ಕೊಡ್ತೀನಿ. ಯಂತ್ರ ನಮ್ಮನೆ ಉಗ್ರಾಣದಲ್ಲಿರ್ಲಿ. ಪಾಸ್‌ವರ್ಡು ನಂಗೂ ಗೊತ್ತಿರ್ಲಿ, ನೀವು ಮರೆತ್ರೆ ಏನ್ಗತಿ?"

ಚೆನ್ನಾಜಮ್ಮ ಹೂಂ ಅಂದಳು. ಎಂಥಾ ಜಾಣರಿಗೂ ಒಂದೊಂದು ದಿನ ಬುದ್ಧಿ ಹುಲ್ಲು ಮೇಯೋಕೆ ಹೋಗಿರುತ್ತೆ.

ತಿಂಗಳಾಗಲಿಲ್ಲ, ಪೇಟೆಗೆ ತಿಪ್ಪರಾಜನ ಸಾರಿನ ಪುಡಿ ಬಂತು. ಅದೇ ಬಣ್ಣ, ಅದೇ ಘಮ, ಅರ್ಧ ಬೆಲೆ. ಗಿರಾಕಿಗಳೆಲ್ಲ ಅತ್ತ ಓಡಿದರು. ಚೆನ್ನಾಜಮ್ಮ ದೊರೆಯ ಮುಂದೆ ಹೋಗಿ, ನನಗೇ ಅಂತ ಮಾಡಿಸಿಕೊಟ್ಟ ಕ್ಲೌಡಿಂದ ತಿಪ್ಪರಾಜ ಗುಟ್ಟು ಕದ್ದ ಅಂತ ಅತ್ತಳು. "ಘಮ ಬಂದು ಸಾಕ್ಷಿ ಹೇಳುತ್ತೇನಮ್ಮಾ?" ಅಂದ ದೊರೆ. ಅತ್ತೆ ಕೊಟ್ಟ ಒಂದೇ ಒಂದು ಆಸ್ತಿ ಕೈಬಿಟ್ಟಿತಲ್ಲ ಅಂತ ಗೋಳಾಡುತ್ತಾ ಅವಳು ಮನೆಗೆ ಬಂದಳು.

ಅವಳ ಮನೇಲಿ ಪುಡಿ ಕುಟ್ಟೋಳು ಬೋರಿ. ಒನಕೆ ಗೋಡೆಗೆ ಒರಗಿಸಿ ಹೇಳಿದಳು: "ಅಳಬ್ಯಾಡಿ ಅಮ್ಮಾವ್ರೇ. ಕಳ್ಳ ಕದ್ದು ಓದ್ತಾವ್ನಲ್ಲ, ಅವನಿಗೆ ಓದಕ್ಕೆ ಏನಾರ ಬರೀರಿ."

ಮೊದಲ ದಿನ ಕ್ಲೌಡಲ್ಲಿ ಬರೆದರು: ಎಡಗೈಯಲ್ಲೇ ಕುಟ್ಟಬೇಕು. ಮಾರನೇ ದಿನ ಬೋರಿ ತಿಪ್ಪರಾಜನ ಅಂಗಳಕ್ಕೆ ಇಣುಕಿದಳು. ಆಳುಗಳೆಲ್ಲ ಎಡಗೈಯಲ್ಲಿ ಕುಟ್ಟುತ್ತಿದ್ದರು.

ಎರಡನೇ ದಿನ ಬರೆದರು: ಒಂಟಿ ಕಾಲಲ್ಲಿ ನಿಂತು ಕುಟ್ಟಬೇಕು. ಬೋರಿ ಇಣುಕಿದಳು. ಅಂಗಳದ ತುಂಬಾ ಕುಂಟಾಬಿಲ್ಲೆ.

ಮೂರನೇ ದಿನ ಬರೆದರು: ದೊರೆಗಳ ಊಟಕ್ಕಾದರೆ ಒಂದು ಹಿಡಿ ಅಂಟುವಾಳ ಸೇರಿಸಬೇಕು, ರುಚಿ ಹೇಳತೀರದು.

"ಬುದ್ಧೀ, ಇದು ಬಟ್ಟೆ ಒಗೆಯೋದು," ಅಂದರು ಆಳುಗಳು. ತಿಪ್ಪರಾಜ ಹುಟ್ಟಿದಾಗಿಂದ ಒಂದು ಕರವಸ್ತ್ರ ಒಗೆದವನಲ್ಲ. "ಗುಟ್ಟಿನ ವಿಷಯ ನಿಮಗೇನ್ರೋ ಗೊತ್ತು!" ಅಂತ ಗದರಿದ.

ದೊರೆಯ ಹುಟ್ಟುಹಬ್ಬ ಬಂತು. ಊರಿಗೆಲ್ಲ ಊಟ, ಸಾರಿಗೆ ತಿಪ್ಪರಾಜನದೇ ಪುಡಿ. ಸಾರು ಕುದಿಯಿತು, ಉಕ್ಕಿತು, ಒಲೆ ಇಳಿದು ಅಡುಗೆಮನೆ ಬಾಗಿಲು ದಾಟಿತು. ದೊರೆ ಒಂದು ಗುಟುಕು ಹೀರಿದ. ಮೀಸೆಯ ತುಂಬಾ ನೊರೆ. ಕೆಮ್ಮಿದ. ಮೂಗಿಂದ ಗುಳ್ಳೆ ಹೊರಟಿತು.

"ಲೋ ತಿಪ್ಪಾ! ನನಗೆ ಊಟ ಹಾಕ್ತಿದೀಯೋ, ಒಳಗಿಂದ ಸ್ನಾನ ಮಾಡಿಸ್ತಿದೀಯೋ? ಯಾರು ಹೇಳಿದ್ರೋ ಅಂಟುವಾಳ ಹಾಕು ಅಂತ?"

ತಿಪ್ಪರಾಜ ಬಾಯಲ್ಲಿದ್ದ ಸಾರನ್ನು ಗುಳುಂ ಅಂತ ನುಂಗಿದ. "ನನ್ ತಪ್ಪಲ್ಲ ಭಾವ! ಚೆನ್ನಾಜಮ್ಮ ಕ್ಲೌಡಲ್ಲಿ ಬರೆದದ್ದು! ಅವಳು ಬರೆದ ಹಾಗೇ ಮಾಡ್ದೆ!"

ದೊರೆ ಮೀಸೆ ಒರೆಸಿಕೊಂಡು ಮೆಲ್ಲಗೆ ಕೇಳಿದ: "ಅವಳೊಬ್ಬಳಿಗೇ ಅಂತ ಮಾಡಿಸಿಕೊಟ್ಟ ಕ್ಲೌಡಲ್ಲಿ ಅವಳು ಬರೆದದ್ದು ನಿನಗೆ ಹೇಗಪ್ಪಾ ಗೊತ್ತಾಯ್ತು?"

ತಿಪ್ಪರಾಜ ಬಾಯಿ ತೆರೆದ. ಬಂದದ್ದು ಗುಳ್ಳೆ ಮಾತ್ರ.

ಒಂದು ವರ್ಷ ಚೆನ್ನಾಜಮ್ಮನ ಅಂಗಳದಲ್ಲಿ ಪುಡಿ ಕುಟ್ಟಬೇಕು, ಎಡಗೈಯಲ್ಲಿ, ಒಂಟಿ ಕಾಲಲ್ಲಿ ಅಂತ ಅವನಿಗೆ ಶಿಕ್ಷೆಯಾಯಿತು. ಬೋರಿ ಎದುರಿಗೆ ಕೂತು ಎಣಿಸುತ್ತಿದ್ದಳು. ಚೆನ್ನಾಜಮ್ಮ ಆರ್ಡರುಗಳನ್ನು ಮತ್ತೆ ಪಬ್ಲಿಕ್ ಕ್ಲೌಡಿಗೆ ಹಾಕಿದಳು. ಗುಟ್ಟನ್ನು ಮಾತ್ರ ಮನೆಯಲ್ಲೇ ಪುಟ್ಟ ಯಂತ್ರವೊಂದರಲ್ಲಿಟ್ಟು ಪಾಸ್‌ವರ್ಡು ಯಾರಿಗೂ ಹೇಳಲಿಲ್ಲ. ಗಂಡ ಈಗಲೂ ಕೇಳಿಲ್ಲ, ಉಣ್ಣುತ್ತಿದ್ದಾನೆ.

ನೀತಿ ಇಷ್ಟೇ ಮಕ್ಕಳೇ. ಮದುವೆಗೆ ಛತ್ರ ಬೇಕು, ಒಡವೆಗೆ ಮನೆಯ ಪೆಟ್ಟಿಗೆ ಬೇಕು. ಆದರೆ ಪೆಟ್ಟಿಗೆ ನನ್ನದು ಅಂತ ಬೀಗೋ ಮುಂಚೆ, ಬೀಗದ ಕೈ ಯಾರ ಸೊಂಟದಲ್ಲಿದೆ ನೋಡಿಕೊಳ್ಳಿ.