ಶೋಕದ ಮನೆಯ ಮೊದಲ ಮಾತು

ನದಿ ದಡದ ಒಂದು ಊರಿನಲ್ಲಿ ಅವಿಗ್ದೋರ್ ಎಂಬ ಯಹೂದಿ ಗುರುಗಳಿದ್ದರು. ಲೇಸರ್ ಎಂಬ ಶಿಷ್ಯ ಅವರ ಬಳಿ ಹತ್ತು ವರ್ಷ ಧರ್ಮಗ್ರಂಥ ಓದಿದ. ಆಮೇಲೆ ಪಟ್ಟಣಕ್ಕೆ ಹೋಗಿ ಎರಡು ವರ್ಷ ಮನಸ್ಸಿನ ವೈದ್ಯಶಾಸ್ತ್ರ ಕಲಿತು ಊರಿಗೆ ಮರಳಿದ.

ಎರಡೇ ವರ್ಷ ಕಲಿತವರ ಸಂಗತಿ ಗೊತ್ತಲ್ಲ. ಕಂಡವರ ಮನಸ್ಸೆಲ್ಲ ಅವನಿಗೆ ಗಾಜಿನ ಭರಣಿ. ಮುಚ್ಚಳ ತೆಗೆಯದೆಯೇ ಒಳಗಿರುವುದು ಯಾವ ಉಪ್ಪಿನಕಾಯಿ ಅಂತ ಹೇಳಿಬಿಡುತ್ತಿದ್ದ.

ಅವನು ಬಂದ ವಾರವೇ ಪೆಸ್ಯಾ ಎಂಬ ವಿಧವೆಯ ಒಬ್ಬನೇ ಮಗ ಝೆಲಿಗ್, ನದಿಯಲ್ಲಿ ಮರದ ದಿಮ್ಮಿ ಸಾಗಿಸುವಾಗ ಮುಳುಗಿ ಸತ್ತ.

ಆ ಜನರಲ್ಲಿ ಒಂದು ಕಟ್ಟಳೆ ಇದೆ. ಮಣ್ಣು ಮಾಡಿ ಬಂದ ಮೇಲೆ ಮನೆಯವರು ಏಳು ದಿನ ನೆಲದ ಮೇಲೆ ಕೂರುತ್ತಾರೆ. ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಸಂತೈಸಲು ಬಂದವರು ಕ್ಷೇಮ ಸಮಾಚಾರ ಕೇಳುವಂತಿಲ್ಲ. ಶೋಕದಲ್ಲಿರುವವರು ತಾವಾಗಿ ಬಾಯಿ ತೆರೆಯುವ ತನಕ ಬಂದವರೂ ಸುಮ್ಮನೆ ಕೂರಬೇಕು.

ಪೆಸ್ಯಾ ಬಾಯಿ ತೆರೆಯಲೇ ಇಲ್ಲ. ಅಳಲೂ ಇಲ್ಲ. ಪಕ್ಕದ ಮನೆಯ ಗಿಟ್ಲ್ ತಂದಿಟ್ಟ ಬೇಳೆಯ ಬಟ್ಟಲು ದಿನಾ ಹಾಗೇ ವಾಪಸ್ಸು ಹೋಗುತ್ತಿತ್ತು. ದಿನಕ್ಕೆ ಎರಡು ಗುಟುಕು ಹಾಲು ಕುಡಿದರೆ ಹೆಚ್ಚು.

ನಾಲ್ಕನೆಯ ದಿನ ಲೇಸರ್ ಅವಳ ನಾಡಿ ಹಿಡಿದು ನೋಡಿದ. ಹೀಗೇ ಬಿಟ್ಟರೆ ಈ ತಾಯಿ ಮಗನ ಹಿಂದೆಯೇ ಹೋಗುತ್ತಾಳೆ ಅನಿಸಿ ಅವನಿಗೆ ಭಯವಾಯಿತು.

ಕಟ್ಟಳೆಗಿಂತ ಜೀವ ದೊಡ್ಡದು ಎಂದುಕೊಂಡು ತಾನೇ ಮಾತು ಶುರುಮಾಡಿದ. ಕನಸು ಬೀಳುತ್ತದೆಯೇ ಎಂದು ಕೇಳಿದ. ಮಗನ ಮೇಲೆ ಸಿಟ್ಟಿದೆಯೇ ಎಂದು ಕೇಳಿದ.

"ಅಮ್ಮಾ, ಅವನನ್ನ ನದಿ ಕೆಲಸಕ್ಕೆ ಕಳಿಸಿದವಳು ನಾನೇ ಅಂತ ಕೊರಗ್ತಿದ್ದೀರಿ. ಅದು ನಿಮ್ಮ ತಪ್ಪಲ್ಲ" ಅಂದ.

ಪೆಸ್ಯಾ ಶಾಲನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅಲ್ಲಿಂದ ಹಾಲನ್ನೂ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಲೇಸರ್ ಗುರುಗಳ ಬಳಿ ಓಡಿದ. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ.

"ನಾನು ಅಂದದ್ದು ಸುಳ್ಳಾ, ಗುರುಗಳೇ?"

"ಇರಲಿಕ್ಕಿಲ್ಲ. ಆದರೆ ಆಡಬೇಕಾದವಳು ಅವಳು. ಅವಳ ಬಾಯಿಂದ ಬರಬೇಕಾದದ್ದನ್ನ ನೀನು ಕಿತ್ಕೊಂಡೆ."

"ಈಗ ಏನು ಹೇಳಿ ಸರಿ ಮಾಡಲಿ?"

ಗುರುಗಳು ಎದ್ದು ಬೂಟು ಹಾಕಿಕೊಂಡರು.

ಐದನೆಯ ದಿನ ಇಬ್ಬರೂ ಪೆಸ್ಯಾಳ ಮನೆಯ ನೆಲದ ಮೇಲೆ ಕೂತರು. ಆರನೆಯ ದಿನವೂ ಬೆಳಿಗ್ಗೆ ಹೋಗಿ, ಕತ್ತಲಾಗುವ ತನಕ ಕೂತರು. ಅವಳು ತುಟಿ ಒದ್ದೆ ಮಾಡಿಕೊಳ್ಳುವಷ್ಟು ನೀರು ಮುಟ್ಟುತ್ತಿದ್ದಳು, ಅಷ್ಟೇ.

ಸುಮ್ಮನಿರುವುದು ಎಷ್ಟು ಕಷ್ಟವೆಂದು ಲೇಸರ್‌ಗೆ ಗೊತ್ತಿರಲಿಲ್ಲ. ಬಾಯಿ ತುಂಬ ಪ್ರಶ್ನೆಗಳಿದ್ದವು. ಎರಡು ಸಲ ಬಾಯಿ ತೆರೆಯಲು ಹೋದ. ಎರಡು ಸಲವೂ ಗುರುಗಳು ಅವನ ಮೊಣಕಾಲ ಮೇಲೆ ಕೈ ಇಟ್ಟರು.

ಗುರುಗಳು ಕಣ್ಣು ಮುಚ್ಚಿರಲಿಲ್ಲ. ಅವಳನ್ನು ದಿಟ್ಟಿಸಿ ನೋಡುತ್ತಲೂ ಇರಲಿಲ್ಲ. ಅಷ್ಟು ದೊಡ್ಡ ಮೈಕಟ್ಟಿನವರು, ಆ ಸಣ್ಣ ಕೋಣೆಯಲ್ಲಿ ಇದ್ದೂ ಇಲ್ಲದಂತೆ ಕೂತಿದ್ದರು.

ಏಳನೆಯ ದಿನ ಬಂತು. ಅಂದು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶೋಕದಲ್ಲಿರುವವರಿಗೆ "ಏಳಿ" ಎಂದು ಹೇಳಿ ಬೀದಿಗೆ ಕರೆದೊಯ್ಯುವುದು ಪದ್ಧತಿ. ಅಲ್ಲಿಗೆ ಶೋಕ ಮುಗಿದ ಲೆಕ್ಕ. ಊರವರು ಬಾಗಿಲಲ್ಲಿ ಕಾದು ನಿಂತಿದ್ದರು. ಗುರುಗಳು ಏಳಿ ಎನ್ನಲಿಲ್ಲ. ಕೂತೇ ಇದ್ದರು.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಶಾಲಿನೊಳಗಿಂದ ಒಂದು ಒಣಗಿದ ದನಿ ಕೇಳಿಸಿತು.

"ಅವತ್ತು ಬೆಳಿಗ್ಗೆ, ಗಂಜಿ ಉಪ್ಪಾಗಿದೆ ಅಂದ. ಬೇಡದಿದ್ರೆ ಬಿಡು ಅಂತ ಬಟ್ಟಲು ಕಿತ್ಕೊಂಡೆ. ಹಸ್ಕೊಂಡೇ ಹೋದ."

ಲೇಸರ್ ಓದಿದ ಯಾವ ಪುಸ್ತಕದಲ್ಲೂ, ಅವನು ಕಟ್ಟಿದ ಯಾವ ಊಹೆಯಲ್ಲೂ ಈ ಬಟ್ಟಲು ಇರಲಿಲ್ಲ. ಅವಳು ಏಳು ದಿನದಿಂದ ಅದನ್ನು ಹಿಡಿದುಕೊಂಡೇ ಕೂತಿದ್ದಳು.

ಗುರುಗಳು ನಿನ್ನ ತಪ್ಪಲ್ಲ ಎನ್ನಲಿಲ್ಲ. ದೇವರ ಇಚ್ಛೆ ಎನ್ನಲೂ ಇಲ್ಲ. ಇಷ್ಟೇ ಕೇಳಿದರು.

"ನಿಜವಾಗ್ಲೂ ಉಪ್ಪಾಗಿತ್ತೇನಮ್ಮ?"

ಪೆಸ್ಯಾ ಶಾಲು ಸರಿಸಿದಳು. "ಉಪ್ಪಾಗಿತ್ತು" ಅಂದಳು. ಅಂದವಳಿಗೆ ನಗು ಬಂತು. ನಗುವಿನ ಹಿಂದೆಯೇ, ಏಳು ದಿನ ಬಾರದಿದ್ದ ಅಳು ಬಂತು.

ಆಮೇಲೆ ಮಧ್ಯಾಹ್ನದ ತನಕ ಅವಳೇ ಮಾತಾಡಿದಳು. ಅವನು ಹುಟ್ಟಿದ ಚಳಿಗಾಲ, ಅವನ ಮುರಿದ ಹಲ್ಲು, ನಿದ್ದೆಯಲ್ಲಿ ಹಾಡುವ ಚಾಳಿ, ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದವರೂ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಗಿಟ್ಲ್ ಹೆದರುತ್ತಲೇ ಬೇಳೆಯ ಬಟ್ಟಲು ಮುಂದಿಟ್ಟಳು. ಪೆಸ್ಯಾ ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ಆಗ ಗುರುಗಳು "ಏಳಮ್ಮ" ಅಂದರು. ಅವಳು ಗಿಟ್ಲ್‌ಳ ತೋಳು ಹಿಡಿದು ಎದ್ದು ಬೀದಿಗೆ ಬಂದಳು.

ಗುರು ಶಿಷ್ಯರು ನದಿಯ ದಾರಿ ಹಿಡಿದು ಹೊರಟರು. ಬಹಳ ದೂರ ನಡೆದ ಮೇಲೆ ಲೇಸರ್ ಬಾಯಿ ಬಿಟ್ಟ. ಪಟ್ಟಣದಲ್ಲಿ ತನ್ನ ಅಧ್ಯಾಪಕರೂ ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಹಿಂದೆ ಕುರ್ಚಿ ಹಾಕಿಕೊಂಡು ಗಂಟೆಗಟ್ಟಲೆ ಮಾತಿಲ್ಲದೆ ಕೂರುತ್ತಾರೆಂದ. ಮುದುಕರಿಗೆ ನಿದ್ದೆ ಬಂದಿರಬೇಕು ಅಂದುಕೊಂಡಿದ್ದನಂತೆ.

ಗುರುಗಳು ಜೋರಾಗಿ ನಕ್ಕರು. "ಒಳ್ಳೇ ಗುರುಗಳೇ ಸಿಕ್ಕಿದ್ದಾರೆ ನಿನಗೆ. ಅವರ ಹತ್ತಿರ ವಾಪಸ್ ಹೋಗು."

"ಅವಳು ಮಾತಾಡ್ತಾಳೆ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ. ಹೆದರಿದ್ದೆ."

ಲೇಸರ್ ನಿಂತುಬಿಟ್ಟ. "ಸತ್ತೇ ಹೋಗ್ತಾಳೆ ಅಂದ್ಕೊಂಡವಳು ಎದ್ದು ನಡೆದಳು, ಗುರುಗಳೇ. ನೀವು ಏನೂ ಮಾಡಲಿಲ್ಲ. ಏನೂ ಮಾಡದೆ ಇಷ್ಟು ದೊಡ್ಡದು ಹೇಗೆ ಆಗುತ್ತೆ?"

ಗುರುಗಳು ನದಿಯನ್ನೂ ಆಚೆ ದಡವನ್ನೂ ಅದರ ಮೇಲಿನ ಆಕಾಶವನ್ನೂ ನೋಡುತ್ತ ನಿಂತರು.

"ಎಲ್ಲೆಲ್ಲೂ ತಾನೇ ತುಂಬಿದ್ದ ದೇವರು, ಇಷ್ಟೆಲ್ಲ ಹುಟ್ಟಲಿ ಅಂತ ಮೊಟ್ಟಮೊದಲು ಏನು ಮಾಡಿದ ಗೊತ್ತಾ, ಲೇಸರ್? ಸ್ವಲ್ಪ ಸರಿದು ಕೂತ."